ಕುಲಾವಿಯ ಖರ್ಚು

ಮಾಚೇನಹಳ್ಳಿಯ ಫೌಂಡ್ರಿಯಲ್ಲಿ ಆ ಕಾಗದ ಹಂಚಿದ ದಿನ
ಕರಗಿದ ಬೀಡು ಸುರಿಯುವುದನ್ನು ಅರ್ಧ ಗಂಟೆ ನಿಲ್ಲಿಸಿದ್ದರು.
ತಲೆಗೆ ಐನೂರು ಆಯ್ಕೆ. ನಾಲ್ಕು ವರ್ಷ ಉಳಿದರೆ
ನೂರಿಪ್ಪತ್ತಕ್ಕೊಂದರಂತೆ ಷೇರು ಕೊಳ್ಳುವ ಹಕ್ಕು.
ಕೊಳ್ಳಲೇಬೇಕೆಂದೇನಿಲ್ಲ.
"ಕೂಸು ಹುಟ್ಟೋ ಮುಂಚೆ ಕುಲಾವಿ" ಅಂದ ಹುಚ್ರಾಯಪ್ಪ,
ಕೋರ್ ಶಾಪಿನವನು, ಕಾಗದ ನಾಲ್ಕಾಗಿ ಮಡಿಸಿ
ಜೇಬಿನ ಬೀಡಿಕಟ್ಟಿನ ಹಿಂದೆ ಸಿಕ್ಕಿಸುತ್ತ.
ಆಮೇಲೆ ನನ್ನ ಕಿಟಕಿಗೆ ಬಂದ:
"ವನಮಾಲಕ್ಕಾ, ಇದು ದುಡ್ಡೋ, ದುಡ್ಡಿನ ಮಾತೋ?"

ಮಾತು, ಅಂದೆ.
ಆದರೆ ಮಾತಿಗೂ ಒಂದು ದರವಿದೆ,
ಆಡಿದ ದಿನದ ದರ.
ದುರ್ಗಿಗುಡಿಯ ಆಡಿಟರ್ ಪದ್ಮನಾಭಯ್ಯ
ಅದನ್ನು ಒಂದಕ್ಕೆ ನಲವತ್ತು ರೂಪಾಯಿ ಎಂದು ಕಟ್ಟಿದರು.
ಐನೂರಕ್ಕೆ ಇಪ್ಪತ್ತು ಸಾವಿರ. ವರ್ಷಕ್ಕೆ ಐದು.

ನನ್ನ ಕೆಲಸ, ಹುಟ್ಟದ ಕೂಸಿನ ಕುಲಾವಿಗೆ
ಬಟ್ಟೆಯ ಖರ್ಚು ಬರೆಯುವುದು.
ಪೆಟ್ಟಿಗೆಯಿಂದ ಪೈಸೆಯೂ ಹೊರಡದ ಖರ್ಚು.
ಲಾಭದಲ್ಲಿ ಕಳೆದು, ಅಷ್ಟನ್ನೇ ಕೊಂಡುಹೋಗಿ
ಬಂಡವಾಳದ ಬದಿಗೆ ಇಟ್ಟುಬಿಡಬೇಕು,
ಯಾರೂ ಬಾರದ ಕೋಣೆಯಲ್ಲಿ ದೀಪ ಹಚ್ಚಿಟ್ಟ ಹಾಗೆ.

ಮೂರನೇ ವರ್ಷ ಲಾರಿ ಕಂಪನಿಯ ಆರ್ಡರು ನಿಂತಿತು.
ಷೇರು ಅರವತ್ತೆರಡಕ್ಕೆ ಕೂತಿತು.
ನೂರಿಪ್ಪತ್ತು ಕೊಟ್ಟು ಅರವತ್ತೆರಡರ ಮಾಲನ್ನು
ಇಡೀ ಗಾಂಧಿ ಬಜಾರಿನಲ್ಲಿ ಯಾರು ಕೊಳ್ಳುತ್ತಾರೆ?
ಕಾಗದ ಎಲ್ಲಿಟ್ಟೆನೆಂಬುದೇ ಮರೆತುಹೋಗಿತ್ತು ಹಲವರಿಗೆ.
ಆಗ ಆಡಳಿತ ಮಂಡಳಿ ಸಭೆ ಸೇರಿ
ನೂರಿಪ್ಪತ್ತನ್ನು ಎಪ್ಪತ್ತಕ್ಕಿಳಿಸಿತು.
ಅದೇ ಉಸಿರಿನಲ್ಲಿ, ಇನ್ನೊಂದು ವರ್ಷ ದುಡಿಯಿರಿ, ಎಂದಿತು.

ಮಾರ್ಚ್ ಮೂವತ್ತೊಂದರ ರಾತ್ರಿ, ಕರೆಂಟಿಲ್ಲ.
ಮೊಬೈಲ್ ಬೆಳಕಿನಲ್ಲಿ ನಾನು, ಪದ್ಮನಾಭಯ್ಯ,
ಕೆನೆಗಟ್ಟಿದ ಎರಡು ಲೋಟ ಚಹಾ.
"ಬದಲಿಸುವ ಮುಂಚೆ ಆ ಹಕ್ಕಿನ ಬೆಲೆ ಒಂಬತ್ತು,
ಬದಲಿಸಿದ ಮೇಲೆ ಇಪ್ಪತ್ತೊಂದು.
ನಡುವಿನ ಹನ್ನೆರಡು ಹೊಸ ಖರ್ಚು,
ಬರುವ ಎರಡು ವರ್ಷಕ್ಕೆ ಹಂಚಮ್ಮ."
ಮತ್ತೆ ಆ ನಲವತ್ತು? ಅದು ಒಂಬತ್ತಕ್ಕೆ ಬಿದ್ದಿತ್ತಲ್ಲ,
ಹೊಡೆದುಹಾಕಲೇ?
ಅವರು ಕನ್ನಡಕ ತೆಗೆದು ಪಂಚೆಯ ಚುಂಗಿನಲ್ಲಿ ಒರೆಸಿದರು.
"ಇಳಿಸುವಂತಿಲ್ಲ. ಕೊಟ್ಟ ದಿನದ್ದು ಕೊಟ್ಟ ದಿನದ್ದೇ.
ಈ ಹೆಚ್ಚಿನ ವರ್ಷವನ್ನೂ ನಲವತ್ತು ಲೆಕ್ಕಕ್ಕಿಡುವುದಿಲ್ಲ.
ಅದಕ್ಕೆ ಗೊತ್ತಿರುವುದು ನಾಲ್ಕೇ."

ಸವೆದ ಯಂತ್ರ, ಬಾರದ ಸಾಲ, ತುಕ್ಕು ಹಿಡಿದ ದಾಸ್ತಾನು,
ಎಲ್ಲದರ ಬೆಲೆ ಇಳಿಸಿದ ಕೈ ನನ್ನದು.
ಇಳಿಯದ ಒಂದು ಅಂಕಿ
ಆ ಪುಸ್ತಕದಲ್ಲಿದೆಯೆಂದು ಗೊತ್ತಿರಲಿಲ್ಲ.

ಐದನೇ ವರ್ಷ, ನಡುವಿನಲ್ಲೇ,
ಹುಚ್ರಾಯಪ್ಪ ರಾಜೀನಾಮೆ ತಂದ.
ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸಿನಲ್ಲಿ
ಇಮ್ತಿಯಾಜನ ಜೊತೆ ಪಾಲಿಗೆ ಒಂದು ಹಳೇ ಲೇತು.
"ಇನ್ನೇಳು ತಿಂಗಳು ತಡಿ" ಅಂದೆ.
"ಲೇತು ತಡಿಯಲ್ವಲ್ಲಕ್ಕ."
ಆ ಕಾಗದ ವಾಪಸು ಕೊಟ್ಟ, ಬೀಡಿಯ ವಾಸನೆ,
ಮಡಿಕೆಗಳಲ್ಲಿ ಹರಿದು ನಾಲ್ಕು ತುಂಡು.

ಹೊಸ ಹನ್ನೆರಡರ ಪೈಕಿ ಬರೆದಿದ್ದ ಮೂರು ಸಾವಿರ
ವಾಪಸು ತಿರುಗಿಸಿದೆ. ನಿಯಮ.
ಇಪ್ಪತ್ತು ಸಾವಿರದ ಸಾಲಿಗೆ ಬಂದು ಬೆರಳು ನಿಂತಿತು.
ನಾಲ್ಕು ವರ್ಷ ಇರೆಂದಿದ್ದರು, ನಾಲ್ಕು ವರ್ಷ ಇದ್ದ.
ಅವನಿಗೆ ಸಿಕ್ಕಿದ್ದು ಏನೂ ಇಲ್ಲ.
ಪುಸ್ತಕ ಮಾತ್ರ, ಕೊಟ್ಟಾಯಿತು, ಅನ್ನುತ್ತದೆ.
ಇದು ನಮ್ಮ ಸುಳ್ಳೋ, ಪುಸ್ತಕವೊಂದೇ ನೆನಪಿಟ್ಟ ನಿಜವೋ,
ಪದ್ಮನಾಭಯ್ಯನವರನ್ನು ಕೇಳಲಿಲ್ಲ.
ವಾರ್ಷಿಕ ವರದಿಯಲ್ಲಿ ಎಲ್ಲವೂ ಲಕ್ಷಗಳಲ್ಲಿ,
ಇಪ್ಪತ್ತು ಸಾವಿರ ದಶಾಂಶದ ಆಚೆ ಎರಡು ಅಂಕಿ.

ಮೊನ್ನೆ ಸ್ಕೂಟಿಯ ಸ್ಟ್ಯಾಂಡಿನ ಪಿನ್ನು ಮುರಿದು
ಅವನ ಶೆಡ್ಡಿಗೇ ಹೋದೆ.
ಹೊಸ ಪಿನ್ನು ತಿರುವಿಕೊಟ್ಟ, ಸುರುಳಿ ಸುರುಳಿ ಹೊಟ್ಟು ಉದುರಿಸುತ್ತ.
ನಿನ್ನ ಹೆಸರಿನ ಇಪ್ಪತ್ತು ಸಾವಿರ
ಇನ್ನೂ ಪುಸ್ತಕದಲ್ಲಿದೆ ಕಣೋ, ಅಂದೆ ಬೆಲ್ಟಿನ ಸದ್ದಿನ ಮೇಲೆ ಕೂಗಿ.
"ದುಡ್ಡಾ?"
"ಮಾತು."
ನಕ್ಕ. ಕೂಲಿ ಅರವತ್ತು ಅಂದ. ನೂರು ಕೊಟ್ಟೆ.
ಎಣ್ಣೆ ಮೆತ್ತಿದ ಎರಡು ಇಪ್ಪತ್ತರ ನೋಟು ಚಾಚಿ
"ಎಣಿಸ್ಕೊಳ್ಳಿ" ಅಂದ.
ಎಣಿಸಿದೆ.