ಮೊಳ

ಏಪ್ರಿಲ್ ಹತ್ತಕ್ಕೆ ರೆಜಿನಾ ಮಿಸ್ಸು
ಮಾರ್ಕ್ಸ್ ಕಾರ್ಡಿನ ಜೊತೆ ಒಂದು ಮಾತನ್ನೂ ಕೊಟ್ಟರು:
"ರಜೆಯಲ್ಲಿ ಎಲ್ಲ ಮರೆತು ಬರ್ತಾರೆ ಇವರು,
ದಿನಕ್ಕೊಂದು ಪುಟವಾದರೂ ಬರೆಸಿ, ಮೋನಿಷಾ ಅಮ್ಮ."
ಹೂಂ ಅಂದೆ.
ಹೂವಿನವಳ ಬಾಯಿಗೆ ಹೂಂ ಸಲೀಸು.

ಬರೆಸುವುದೆಲ್ಲಿ?
ಬೆಳಗಿನ ನಾಲ್ಕಕ್ಕೆ ಕೆಸರೆಯಿಂದ ಆಟೋ,
ಐದಕ್ಕೆ ಮಾರ್ಕೆಟ್ಟಿನ ಕಲ್ಲಿನ ಮೇಲೆ ಒದ್ದೆ ಗೋಣಿ,
ಗೋಣಿಯ ಮೇಲೆ ನಾನು, ನನಗಂಟಿಕೊಂಡು ಅವಳು,
ಅವಳ ಮಡಿಲಲ್ಲಿ ಕಾಪಿ ಪುಸ್ತಕ.
ಕಾಕಡಕ್ಕೆ ನೀರು ಚಿಮುಕಿಸಿದರೆ
ಮೂರನೇ ಸಾಲಿನ ಶಾಯಿ ಕದಡಿ
"ನಮ್ಮ ರಾಜ್ಯ"ದ ರಾಜ್ಯವೆಲ್ಲ ನೀಲಿ ಕೆರೆ.
ಹದಿನೈದು ದಿನಕ್ಕೆ ಪುಸ್ತಕ
ಕರಿದ ಹಪ್ಪಳದ ಹಾಗೆ ಉಬ್ಬಿತು.
ಒಳಗಿಡು, ಅಂದೆ. ಹೂ ಕಟ್ಟು.

ಮಗು ಸುಮ್ಮನೆ ಕೂರುತ್ತದೆಯೇ.
ಕಾಲು ಕೆ.ಜಿ. ಮಲ್ಲಿಗೆಗೆ ಎಷ್ಟು ಮೊಗ್ಗು, ಎಣಿಸಿದಳು;
ಸಾವಿರ ದಾಟಿ ತಪ್ಪಿತು, ಮತ್ತೆ ಮೊದಲಿಂದ.
ಮೊಳಕ್ಕೆ ಮೂವತ್ತು, ಮಾರಿಗೆ ನಾಲ್ಕು ಮೊಳ,
ಮಾರು ಕೊಂಡವರಿಗೆ ಹತ್ತು ಬಿಟ್ಟರೆ ನೂರಹತ್ತು,
ಇನ್ನೂರರ ನೋಟಿಗೆ ತೊಂಬತ್ತು ವಾಪಸ್ಸು,
ನಾನು ಸೆರಗಿನ ಗಂಟು ಬಿಚ್ಚುವ ಮೊದಲೇ ಹೇಳುವಳು.
ಎದುರಿನ ಬಾಳೆಹಣ್ಣಿನ ಮಾದೇವು
ಗಿರಾಕಿಯಿಲ್ಲದ ಮಧ್ಯಾಹ್ನ ಮಗ್ಗಿ ಕೇಳುವ:
ಹದಿನೇಳರದಕ್ಕೆ ಒಂದು ಪುಟ್ಟಬಾಳೆ, ಹದಿನೆಂಟಕ್ಕೆ ಎರಡು.
ಹತ್ತೊಂಬತ್ತಕ್ಕೆ ರಸಬಾಳೆ ಅಂದಿದ್ದವನು
ಅವಳು ಒಪ್ಪಿಸಿದ ದಿನ
"ರಸಬಾಳೆ ಇವತ್ತು ಬಂದಿಲ್ಲ ಕಣವ್ವ" ಅಂದ.

ಒಂದು ಶುಕ್ರವಾರ ಸ್ಕೇಲು ತಂದಳು,
ಕಂಪಾಸ್ ಡಬ್ಬಿಯ ಹದಿನೈದರ ಸ್ಕೇಲು.
ಮೊದಲು ತನ್ನ ಮೊಳ: ಮೂವತ್ತನಾಲ್ಕು.
ಗೋಣಿ ಮೂರು ಮೊಳ, ಬುಟ್ಟಿ ಎರಡು,
ಕಂಬದ ಬುಡದಲ್ಲಿ ಮಲಗಿದ ನಾಯಿ
ಎರಡೂವರೆ, ಬಾಲ ಬಿಟ್ಟು.
ಆಮೇಲೆ ನನ್ನ ಕೈ ಎಳೆದುಕೊಂಡು
ಮೊಣಕೈಯಿಂದ ನಡುಬೆರಳ ತುದಿಗೆ
ಮೂರು ಸಲ ಸ್ಕೇಲು ಸರಿಸಿ
ಉಬ್ಬಿದ ಪುಟದಲ್ಲಿ ಬರೆದಳು: ಅಮ್ಮ, ನಲವತ್ತಮೂರು.

ನಾನು ಕತ್ತರಿಸಿಟ್ಟ ಮೊಳವನ್ನೂ ಅಳೆದಳು.
ಮೂವತ್ತೆಂಟು.
ಇನ್ನೊಂದು.
ಮೂವತ್ತೆಂಟು.
ಸ್ಕೇಲನ್ನು ಲಂಗಕ್ಕೆ ಒರೆಸಿ ಮತ್ತೆ ಅಳೆದಳು.

ಕನ್ನಡಕದ ಹೆಂಗಸು ಎದುರಲ್ಲೇ ನಿಂತು
ಎರಡು ಮೊಳ ಕೇಳಿರುವಾಗ,
"ಅಮ್ಮ, ಅಳೆಯುವಾಗ ನೀನು ಬೆರಳು ಮಡಿಸ್ತೀಯ."

ಮಾದೇವು ಜೋಡಿಸಿದ್ದ ಚಿಪ್ಪನ್ನೇ ಮತ್ತೆ ಜೋಡಿಸತೊಡಗಿದ.
ಆ ಹೆಂಗಸು ನಕ್ಕರೋ, ಕೇಳಿಸಲೇ ಇಲ್ಲವೋ,
ದುಡ್ಡು ಕೊಟ್ಟು ಹೋದರು.
ಗದರಲು ಬಾಯಿ ತೆರೆದವಳು
ನೂಲು ಕಚ್ಚಿ ತುಂಡರಿಸಿದೆ.

ನನಗೂ ಒಂದು ಬೇಸಿಗೆ ರಜೆ ಇತ್ತು, ನಾಲ್ಕನೇ ಕ್ಲಾಸಿನದು.
ಇದೇ ಕಲ್ಲು. ಆಗ ಬಾಳೆನಾರು.
ಅವ್ವ ಮಲ್ಲಿಗೆ ವಾಸನೆಯ ಕೈಯಲ್ಲಿ
ನನ್ನ ನಡುಬೆರಳು ಹಿಡಿದು
ಮೆಲ್ಲಗೆ, ಬಹಳ ಮೆಲ್ಲಗೆ, ಒಳಕ್ಕೆ ಮಡಿಸಿದ್ದಳು:
"ಇಷ್ಟೇ ಕಣೆ. ಇಷ್ಟು ಬಂದ್ರೆ ಬದುಕ್ಕೋತೀಯ."
ಆ ರಜೆ ಮುಗಿಯಲೇ ಇಲ್ಲ.
ಐದನೇ ಕ್ಲಾಸಿನ ಹಾಜರಿಯಲ್ಲಿ ನನ್ನ ಹೆಸರು ಕೂಗುವಾಗ
ಇಲ್ಲಿ ಸುಗಂಧರಾಜ ಬಿಡಿಸುತ್ತಿದ್ದೆ.

ನಿನ್ನೆ ಶಾಲೆ ತೆರೆಯಿತು.
ಕಾಪಿ ನೋಡಿ ಮಿಸ್ಸು ಏನಂದರೋ, ಇವಳು ಹೇಳಲಿಲ್ಲ.
ಪಕ್ಕದ ಗೋಣಿ ಖಾಲಿ, ಒಣಗಿಯೂ ಇದೆ.
ಒಂದು ಮೊಳ ಕಾಕಡ, ಅನ್ನುತ್ತಾರೆ ಯಾರೋ.
ಮೂವತ್ತು ವರ್ಷದ ಬೆರಳು
ತಾನಾಗಿ ಬಾಗುತ್ತದೆ,
ಅರ್ಧಕ್ಕೆ ಬಂದು ನಿಲ್ಲುತ್ತದೆ.

ನಲವತ್ತು, ನಲವತ್ತೊಂದು ಇರಬಹುದು.
ಸಂಜೆ ಬಂದು ಅವಳೇ ಅಳೆಯಲಿ.