ಸಂತೆಯಿಲ್ಲದ ದಿನ

ಎರಡೂ ಹಳದಿ,
ಎರಡೂ ತೊಗರಿಕಾಳಿಗಿಂತ ತುಸು ದೊಡ್ಡವು.
ಒಂದು ಸಂದುಗಳ ಉರಿ ತಗ್ಗಿಸಲು, ವಾರಕ್ಕೊಮ್ಮೆ.
ಇನ್ನೊಂದು ಅದರ ಹಿಂದೆಯೇ ಬಂದು
ಅದು ಚೆಲ್ಲಿದ್ದನ್ನು ಒರೆಸಲು, ಮಾರನೆಯ ದಿನ.

ಸಾಗರ ರಸ್ತೆಯ ಸರ್ಕಾರಿ ಆಸ್ಪತ್ರೆಯ
ಈ ಕಿಟಕಿಯ ಹಿಂದೆ ಹನ್ನೊಂದು ವರ್ಷ.
ಕೆಂಪು ಪೆನ್ನಿನಲ್ಲಿ ಬರೆಯುತ್ತಿದ್ದೆ: ವಾರಕ್ಕೆ ಒಂದೇ ಸಲ.
ಓದು ಬಾರದವರಿಗೆ ಬಾಯಲ್ಲಿ:
ಸಂತೆ ದಿನ ತಗೊಳ್ಳಿ.
ಎಂಥ ಉಪಾಯ ಎಂದು
ಒಳಗೊಳಗೇ ಬೀಗುತ್ತಿದ್ದೆ ಕೂಡ.

ಕನ್ನಮ್ಮ ಒಣಮೀನಿನವಳು.
ಶಿವಮೊಗ್ಗದ ದೊಡ್ಡಾಸ್ಪತ್ರೆಯ ಚೀಟಿ ಹಿಡಿದು ಬಂದಾಗ
ಗೆಣ್ಣುಗಳು ಹಸಿಶುಂಠಿಯ ಹಾಗೆ ಊದಿದ್ದವು.
'ಬೆಳಿಗ್ಗೆ ಎದ್ರೆ ಕೈ ನಂದಲ್ಲ ಸಾರ್.
ಬಿಸಿಲು ಅಂಗಳಕ್ಕೆ ಇಳಿದ್ಮೇಲೆ
ವಾಪಸ್ ಕೊಡ್ತದೆ, ಅರ್ಧಂಬರ್ಧ.'
ತಕ್ಕಡಿಯ ಹಗ್ಗ ಬೆರಳಲ್ಲಿ ನಿಲ್ಲದೆ
ಮೊಣಕೈಗೆ ನೇತುಹಾಕಿ ತೂಗುತ್ತಿದ್ದಳಂತೆ.
ತೂಕದಲ್ಲಿ ಮೋಸ ಎಂದು ಗಿರಾಕಿಗಳ ಗೊಣಗು.

ಬರೀ ವಯಸ್ಸಿನ ನೋವಲ್ಲ ಇದು,
ಮನೆ ಕಾಯುವ ನಾಯಿ ಮನೆಯವರನ್ನೇ ಕಚ್ಚಿದ ಹಾಗೆ,
ಎಂದು ಡಾಕ್ಟರ್ ಶಬರೀಶ್ ಹೇಳಿದ್ದನ್ನು
ನಾನೂ ಹೇಳಿದೆ.
ಆಮೇಲೆ ನನ್ನ ಸಂತೆಯ ಮಾತು.
ತಲೆಯಾಡಿಸಿ ಹೋದಳು.

ಮೂರನೆಯ ವಾರ ಬಂದವಳು ಮಾತಾಡಲಿಲ್ಲ,
ಬಾಯಿ ತೆರೆದು ತೋರಿಸಿದಳು.
ನಾಲಿಗೆಯ ತುಂಬ ಹುಣ್ಣು,
ತೆಳು ಗಂಜಿಯೂ ಇಳಿಯದಂತೆ.
ಖಾಲಿಯಾದ ಹಾಳೆಗಳನ್ನು
ಜೋಪಾನವಾಗಿ ಮಡಚಿ ತಂದಿದ್ದಳು, ಲೆಕ್ಕ ಒಪ್ಪಿಸುವವಳಂತೆ.
'ಎಷ್ಟು ಸಲ ತಗೊಂಡ್ರಿ?'
'ನೀವೇ ಹೇಳಿದ್ರಲ್ಲ, ಸಂತೆ ದಿನ.'
ಮಡಚಲಾಗದ ಬೆರಳುಗಳಲ್ಲಿ ಎಣಿಸಿದಳು:
ಸೋಮವಾರ ಇಲ್ಲಿ, ಮಂಗಳವಾರ ಶಿವಮೊಗ್ಗ,
ಗುರುವಾರ ಸಾಗರ, ನಡುವೆ ಎರಡು ಸಣ್ಣ ಸಂತೆ,
ಭಾನುವಾರ ಹೊಳೆಯಾಚೆಯದು.

ಒಂದು ಮಾತನ್ನೂ ತಪ್ಪಿರಲಿಲ್ಲ ಅವಳು.

ನೂರೆಂಟರ ಗಾಡಿ ಬಂತು, ಶಿವಮೊಗ್ಗಕ್ಕೆ ಹೋಯಿತು.
ರಕ್ತದ ಬಿಳಿಕಣ ಎಷ್ಟು ಇಳಿದಿದೆ ಎಂದು
ಒಂಬತ್ತು ದಿನ, ದಿನಕ್ಕೆ ಮೂರು ಸಲ ಫೋನು ಮಾಡಿದೆ.
ಅಲ್ಲಿಯ ನರ್ಸು ಕೇಳಿದಳು: ನಿಮಗೇನಾಗಬೇಕು ಇವರು?
ಉತ್ತರ ಹೊಳೆಯಲಿಲ್ಲ.

ಬದುಕಿ ಬಂದಳು. ಬಳೆ ಮೊಣಕೈವರೆಗೆ ಜಾರುವಷ್ಟು ಸೊರಗಿ.
ಮತ್ತೆ ಅದೇ ಮಾತ್ರೆ ಶುರುಮಾಡುವ ದಿನ
ಪೆನ್ನು ಕೆಳಗಿಟ್ಟು ನಾನು ಕೇಳಿದೆ,
ಮೊದಲ ಸಲ ಕೇಳಿದೆ,
'ನಿಮ್ಮ ವಾರ ಹೇಗಿರ್ತದೆ ಕನ್ನಮ್ಮ?'
ಯೋಚಿಸಿ ಹೇಳಿದಳು:
'ಶನಿವಾರ ಮೀನು ಯಾರೂ ಮುಟ್ಟಲ್ಲ. ಮನೇಲಿರ್ತೀನಿ.
ಅವತ್ತೊಂದಿನ ನನ್ನ ಕೈ ವಾಸನೆ ಬರಲ್ಲ ಸಾರ್.'
ಬರೆದುಕೊಂಡೆ: ವಾಸನೆಯಿಲ್ಲದ ದಿನ.

ಈಗ ಎಲ್ಲರನ್ನೂ ಕೇಳುತ್ತೇನೆ,
ವಾರಕ್ಕೆ ಒಂದೇ ಸಲ ಬರೋದು ಏನಿದೆ ನಿಮಗೆ?
ದರ್ಜಿ ಮಕ್ಬೂಲ್ ಸಾಹೇಬರಿಗೆ ಜುಮ್ಮಾ.
ಲೋಲಿಟಾ ಬಾಯಿಗೆ ಪೂಜೆ ಮುಗಿದ ಮೇಲಿನ ಇಡ್ಲಿ.
ಕ್ವಾರಿಯ ರಂಗಸ್ವಾಮಿಗೆ ಬಟವಾಡೆ;
ಬಟವಾಡೆ ತಪ್ಪಿದ ವಾರ ಏನು ಮಾಡ್ತಾನೆ ಅಂತ
ಅವನ ಹೆಂಡತಿಯನ್ನೂ ಕೂರಿಸಿ ಕೇಳಬೇಕಾಯಿತು.
ಹೊತ್ತು ಹಿಡಿಯುತ್ತದೆ. ಸಾಲು ಬೈಯುತ್ತದೆ.

ಹೋದ ಮಳೆಗಾಲ ಜಲಜಾಕ್ಷಿ ಬಂದಳು,
ಎರಡು ಎಮ್ಮೆ, ಹಾಸಿಗೆ ಹಿಡಿದ ಅತ್ತೆ,
ಹಾಲು ಕರೆಯಲಾಗದ ಹೆಬ್ಬೆರಳು.
ಅದೇ ಪ್ರಶ್ನೆ ಕೇಳಿದೆ.
ಕಿಟಕಿಯ ಕಂಬಿ ಹಿಡಿದು ನಿಂತೇ ಇದ್ದಳು ಬಹಳ ಹೊತ್ತು.
'ಒಂದು ಸಲ ಅಂತ ಏನೂ ಇಲ್ಲ ನಂಗೆ.
ಎಮ್ಮೆಗೆ ಭಾನುವಾರ ಗೊತ್ತಾಗಲ್ಲ.'

ಅವಳಿಗೆ ಹಾಳೆ ಕೊಡಲಿಲ್ಲ.
ಕತ್ತರಿಯಲ್ಲಿ ಕತ್ತರಿಸಿ ಒಂದು ವಾರದ್ದಷ್ಟೇ ಇಟ್ಟೆ ಅಂಗೈಲಿ.
ಮುಂದಿನ ಬುಧವಾರ ಬನ್ನಿ, ಉಳಿದದ್ದು ಇಲ್ಲೇ ಇರ್ತದೆ.

ಬರುತ್ತಾಳೆ, ಮೂರು ಮೈಲಿ.
ಮಾತ್ರೆ ತೆಗೆದುಕೊಂಡ ಮೇಲೂ
ಕಲ್ಲುಬೆಂಚಿನ ಮೇಲೆ ಸ್ವಲ್ಪ ಹೊತ್ತು ಕೂರುತ್ತಾಳೆ,
ಕೈ ಮಡಿಲಲ್ಲಿಟ್ಟು, ಏನೂ ಮಾಡದೆ.