ತೂಬು

ಪಾಲಿಟೆಕ್ನಿಕ್ಕಿನ ಹರಾಜಿನಲ್ಲಿ ಆರುನೂರಕ್ಕೆ ತಂದ ಡಬ್ಬ.
ಬೆನ್ನಲ್ಲಿ ಎರಡು ತೂತು:
ಒಂದಕ್ಕೆ ಬೀದಿಯ ತಂತಿ, ಒಂದಕ್ಕೆ ಮನೆಯದು.
ಮಂಡ್ಯದಲ್ಲಿ ಕಬ್ಬು ನುರಿಯುವ ತಿಂಗಳು,
ಕಾಕಂಬಿಯ ಹುಳಿ ವಾಸನೆ ಕೀಬೋರ್ಡಿಗೂ ಹತ್ತಿದೆ.

'ಅದೇನವ್ವ, ಹೊತ್ತಾರೆಯಿಂದ ಕರೀ ಪರದೆ ಮುಂದೆ ಕುಂತಿದ್ದೀ?'
ಮಂಚದಿಂದ ದೊಡ್ಡಪ್ಪ ಮರಿಸಿದ್ದಯ್ಯ.
ಮೂವತ್ತೊಂದು ವರ್ಷ ನೀರುಗಂಟಿ,
ಹೆಗಲಿಗೆ ಗುದ್ದಲಿ, ಕೈಗೆ ಲಾಟೀನು,
ಯಾರ ಗದ್ದೆಗೆ ಎಷ್ಟು ಹೊತ್ತೆಂದು ಬಾಯಲ್ಲೇ ಲೆಕ್ಕ.

ಬರೋದು ಒಂದೇ ಕಾಲುವೆ, ದೊಡ್ಡಪ್ಪ.
ಮಹಡಿಯ ನರ್ಸ್ ಫರ್ಹಾನಾಗೆ,
ಹಿಂದಿನ ರೂಮಿನ ಟೈಲರ್ ಲಿಂಗೇಶನಿಗೆ, ನನಗೆ
ಹಂಚಬೇಕು. ಬೇಡದವರು ಒಳಕ್ಕೆ ಬರಬಾರದು.
'ತೂಬು ಅನ್ನು.'
ಹೂಂ, ತೂಬೇ.

ಲ್ಯಾಪ್‌ಟಾಪಿನಿಂದ ಅದರೊಳಗೆ ಹೊಕ್ಕು
ಮೊದಲ ಸಾಲು ಬರೆದೆ: ಎಲ್ಲವನ್ನೂ ಮುಚ್ಚು.
ಮುಚ್ಚಿತು.
ನನ್ನನ್ನೂ.
ದೊಡ್ಡಪ್ಪ ಕೆಮ್ಮು ಬರುವಷ್ಟು ನಕ್ಕ:
'ತೂಬು ಹಾಕೋ ಮುಂಚೆ
ನೀನ್ಯಾವ ದಡದಲ್ಲಿದ್ದೀ ನೋಡ್ಕೋಬೇಕು ಕಣವ್ವ!'

ಹಳೇ ಮಾನಿಟರು ಸಿಕ್ಕಿಸಿ ಮತ್ತೆ ಕೂತೆ.
ಮೇಲಿಂದ ಕೆಳಕ್ಕೆ ಓದುತ್ತದೆ ಡಬ್ಬ,
ಮೊದಲು ಹೊಂದಿದ ಮಾತಿಗೇ ನಿಂತುಬಿಡುತ್ತದೆ.
ಆದ್ದರಿಂದ: ಮೊದಲು ನನ್ನನ್ನು ಬಿಡು.
ಒಳಗಿನವರು ಹೊರಗೆ ಹೋಗಲಿ.
ಕೇಳಿದವರ ಉತ್ತರ ಮಾತ್ರ ಒಳಗೆ ಬರಲಿ.
ಉಳಿದದ್ದೆಲ್ಲ ಬಾಗಿಲಲ್ಲೇ, ಸದ್ದಿಲ್ಲದೆ, ಬೀಳಲಿ.
ಹೊರಗೆ ಹೋಗುವಾಗ ಎಲ್ಲರಿಗೂ ಒಂದೇ ಹೆಸರಿನ ವೇಷ.
'ಪಹಣಿ ಒಬ್ಬನ ಹೆಸರಲ್ಲಿ, ಉಣ್ಣೋರು ಏಳು ಜನ,'
ಅಂದ, 'ಇದೇನು ಹೊಸದಲ್ಲ.'

ಆದರೂ ಬರಲಿಲ್ಲ.
ಫರ್ಹಾನಾ ಮೆಟ್ಟಿಲಿಳಿದು ಬಂದು
ಡ್ಯೂಟಿ ಪಟ್ಟಿ ನೋಡಬೇಕಿತ್ತು ಅಂದಳು, ಹೋದಳು, ಮತ್ತೆ ಬಂದಳು.
ಒಂದೊಂದೇ ಅಕ್ಷರ ಬೆರಳಿಟ್ಟು ಓದಿದೆ.
ಎಲ್ಲ ಸರಿ. ಎಲ್ಲಾ ಸರಿಯೇ.
ಅಡಿಯಲ್ಲೆಲ್ಲೋ, ನಿಯಮಗಳಿಗಿಂತ ಕೆಳಗೆ,
ಒಂದು ಸೊನ್ನೆ ಕೂತಿತ್ತು:
ಈ ಕಡೆಯದನ್ನು ಆ ಕಡೆಗೆ ದಾಟಿಸುವುದಿಲ್ಲ ಎಂಬ ಸೊನ್ನೆ.

ಒಂದು ಮಾಡಿದೆ.

ಹಸಿರು ದೀಪ ರೆಪ್ಪೆ ಬಡಿಯಿತು.
ಹಿಂದಿನ ರೂಮಲ್ಲಿ ಹೊಲಿಗೆ ಮಿಷನ್ ನಿಂತು
ಬ್ಲೌಸಿನ ಕೊರಳು ಕತ್ತರಿಸುವುದು ಹೇಗೆಂದು
ಯಾವಳೋ ವಿಡಿಯೋದಲ್ಲಿ ಜೋರಾಗಿ ಹೇಳತೊಡಗಿದಳು.

'ಹೋಗಿದ್ದು ವಾಪಸ್ ಬತ್ತದಾ ಇದ್ರಲ್ಲಿ?'
ಬರುತ್ತೆ ದೊಡ್ಡಪ್ಪ, ಯಾರು ಕೇಳಿದ್ದರೋ ಅವರಿಗೇ.
ತುಂಬ ಹೊತ್ತು ಸುಮ್ಮನಿದ್ದ.
'ನಾನು ಬಿಟ್ಟ ನೀರು ಒಂದಿನಾನೂ ತಿರುಗಿ ಬಂದು
ಬಿಟ್ಟೋನು ಯಾರು ಅಂತ ಕೇಳ್ನಿಲ್ಲ.'

ಎಂಟಕ್ಕೆ ಕರೆಂಟು ಹೋಯಿತು.
ಬರೆದದ್ದನ್ನು ಡಬ್ಬ ಉಳಿಸಿಕೊಳ್ಳುವುದಿಲ್ಲ
ಉಳಿಸು ಎಂದು ಹೇಳದಿದ್ದರೆ. ಹೇಳಿರಲಿಲ್ಲ.
ಮೊಬೈಲ್ ಬೆಳಕಲ್ಲಿ ಹಾಲಿನ ಲೆಕ್ಕದ ಪುಸ್ತಕದ ಹಿಂದೆ
ನೆನಪಿದ್ದಷ್ಟು ಗೀಚುತ್ತಿದ್ದೆ.
ಕತ್ತಲಿಂದ ದೊಡ್ಡಪ್ಪ ಒಂದು ಸೇರಿಸಿದ:
'ಕೊನೇ ಗದ್ದೆಯೋನ್ಗೆ ಮೊದ್ಲು ಬಿಡು.
ತೂಬಿನ ಪಕ್ಕದೋನು ಹೆಂಗೂ ಕುಡ್ಕತಾನೆ.'

ಅದಕ್ಕೂ ಏನೋ ಆಜ್ಞೆ ಇದೆಯಂತೆ, ನನಗೆ ಬರದು.
ಬರೆದುಕೊಂಡೆ.